ಅವ್ವನನ್ನು ಐಹೊಳೆಯ ಮೇಗುತಿ ಗುಡಿಗೆ ಹತ್ತಿಸುವುದು ಹೇಗೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವು ಹುಬ್ಬಳ್ಳಿಯವರು. ಅವ್ವನಿಗೆ 68 ವರ್ಷ, ಮೊಣಕಾಲು ನೋವು. ಮಲಪ್ರಭಾ ಕಣಿವೆಯನ್ನು ಪೂರ್ತಿ ನೋಡಬೇಕು ಅಂತ ಅವರಿಗೆ ಬಹಳ ವರ್ಷದ ಆಸೆ.

ಹೋದ ಚಳಿಗಾಲದಲ್ಲಿ ಗದಗ ಮೇಲೆ ಹೋಗುವ ರೈಲು ಹಿಡಿದು ಬಾದಾಮಿಗೆ ಹೋಗಿದ್ದೆವು. ಗುಹೆಗಳ ಮೆಟ್ಟಿಲು ಹತ್ತುವಷ್ಟರಲ್ಲೇ ಅವ್ವ ಸುಸ್ತಾದರು. ಆದರೂ ಚಾಲುಕ್ಯರ ಮಂಗಳೇಶ 578ರಲ್ಲಿ ಮಾಡಿಸಿದ ಮೂರನೇ ಗುಹೆ ಬಿಡಲಿಲ್ಲ. ಕೆಂಪು ಬಂಡೆಗಳ ನಡುವೆ ಅಗಸ್ತ್ಯ ತೀರ್ಥದ ಕೆರೆ ನೋಡುತ್ತಾ ಎಷ್ಟೋ ಹೊತ್ತು ಸುಮ್ನೆ ಕೂತರು. ಮಧ್ಯಾಹ್ನ ಪಟ್ಟದಕಲ್ಲು ಆಯಿತು. ಅಲ್ಲಿ ನೆಲ ಸಮತಟ್ಟು, ತೊಂದರೆ ಆಗಲಿಲ್ಲ. ಚಾಲುಕ್ಯ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯಿಂದ ಅವರನ್ನು ಎಬ್ಬಿಸುವುದೇ ಕಷ್ಟವಾಯಿತು. ಐಹೊಳೆಗೆ ಹೊತ್ತು ಉಳಿಯಲಿಲ್ಲ.

ಈಗ ಅವರಿಗೆ ಬೇಕಾಗಿರುವುದು ಐಹೊಳೆಯ ಮೇಗುತಿ ಒಂದೇ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದನ್ನು ಹೇಳುವ 634ರ ಕವಿ ರವಿಕೀರ್ತಿಯ ಶಾಸನ ಆ ಗೋಡೆಯಲ್ಲೇ ಇದೆ ಅಲ್ವಾ, ಅದನ್ನು ಕಣ್ಣಾರೆ ನೋಡಬೇಕಂತೆ. ಆದರೆ ಗುಡಿ ಇರುವುದು ಗುಡ್ಡದ ಮೇಲೆ. ಇಬ್ಬರು ಕಾರಿನವರನ್ನು ಕೇಳಿದೆ. ಒಬ್ಬರು ಹಿಂದಿನಿಂದ ಗಾಡಿ ಹತ್ತಿರ ಹೋಗುತ್ತದೆ ಎಂದರು, ಇನ್ನೊಬ್ಬರು ಮೆಟ್ಟಿಲು ಹತ್ತಲೇಬೇಕು ಎಂದರು. ನಾನು ಸಿಕ್ಕಿಬಿದ್ದಿರುವುದು ಇಲ್ಲೇ.

ವಯಸ್ಸಾದವರನ್ನು ಇತ್ತೀಚೆಗೆ ಮೇಗುತಿಗೆ ಕರೆದುಕೊಂಡು ಹೋದವರು ದಯವಿಟ್ಟು ಹೇಳಿ: ಗಾಡಿ ಎಲ್ಲಿಯವರೆಗೆ ಹೋಗುತ್ತದೆ? ಅಲ್ಲಿಂದ ಎಷ್ಟು ನಡೆಯಬೇಕು, ಹಿಡಿದುಕೊಳ್ಳಲು ಕಂಬಿ ಇದೆಯಾ? ಬಿಸಿಲು ಏರುವ ಮೊದಲು ಹತ್ತಿಸಲು ಹಿಂದಿನ ರಾತ್ರಿ ಬಾದಾಮಿಯಲ್ಲೇ ಉಳಿಯಬೇಕಾ, ಹುಬ್ಬಳ್ಳಿಯಿಂದ ನಸುಕಿನಲ್ಲಿ ಹೊರಟರೆ ಸಾಕಾ?