ಫೆಂಡರ್ ರೋಲಿಂಗ್‌ಗೆ ಕನ್ನಡದಲ್ಲಿ ಏನನ್ನೋದು? ರಾತ್ರಿಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ. ಒಂದು ಟೂಲ್ ಜೊತೆ ಬರೋ ಸೂಚನೆ ಹಾಳೆನ ಕನ್ನಡಕ್ಕೆ ಮಾಡ್ತಿದೀನಿ, ಇವತ್ತು ರಾತ್ರಿ ಪ್ರಿಂಟಿಗೆ ಹೋಗುತ್ತೆ, ಎಲ್ಲಾ ಆಯ್ತು, ಹೆಸರಲ್ಲೇ ಸಿಕ್ಕಾಕೊಂಡಿದೀನಿ. ಟೂಲ್ ಹೆಸರು ಫೆಂಡರ್ ರೋಲರ್.

ಗೊತ್ತಿಲ್ಲದವರಿಗೆ ಹೇಳ್ತೀನಿ. ಕಾರಿಗೆ ಅಗಲದ ರಿಮ್ಮು, ಅಗಲದ ಟೈರು ಹಾಕಿಸ್ದಾಗ ಗಾಡಿ ಗುಂಡಿಗಿಳಿದು ಸಸ್ಪೆನ್ಶನ್ ಅದುಮ್ತು ಅಂದ್ರೆ ಟೈರ್ ಹೋಗಿ ಫೆಂಡರ್, ಅಂದ್ರೆ ಮಡ್‌ಗಾರ್ಡ್ ಒಳಗಿನ ಅಂಚಿಗೆ ಉಜ್ಜುತ್ತೆ. ಆ ಅಂಚು ಕಾಲು ಚಾಚಿದಂಗೆ ಒಳಕ್ಕೆ ತಿರುಗಿರುತ್ತೆ, ಅದನ್ನ ಇನ್ನೂ ಮೇಲಕ್ಕೆ ಮಡಚಿ ತಗಡಿನ ಒಳಮೈಗೆ ಅಂಟಿಸಿದಂಗೆ ಚಪ್ಪಟೆ ಮಾಡೋದೇ ಈ ಕೆಲಸ. ಚಕ್ರ ಬಿಚ್ಚಿ, ಅದು ಕೂರೋ ಹಬ್ಬಿಗೆ ಟೂಲನ್ನ ನಟ್ಟು ಹಾಕಿ ಕೂರಿಸ್ಬೇಕು, ಅದರ ತೋಳಿನ ತುದೀಲಿ ಒಂದು ಗಟ್ಟಿ ಪ್ಲಾಸ್ಟಿಕ್ ಉರುಳೆ ಇದೆ, ಅದನ್ನ ಅಂಚಿಗೊತ್ತಿ ಆಕಡೆ ಈಕಡೆ ಆಡಿಸ್ಬೇಕು, ಪ್ರತಿ ಸಲ ಸ್ವಲ್ಪ ಕೋನ ಬದಲಾಯಿಸ್ಬೇಕು. ಅದಕ್ಕೆ ಮುಂಚೆ ಹೀಟ್ ಗನ್ನಲ್ಲಿ ಪೇಂಟ್ ಬಿಸಿ ಮಾಡ್ಕೋಬೇಕು, ತಣ್ಣಗಿದ್ದಾಗ ಮಾಡಿದ್ರೆ ಪೇಂಟ್ ಬಿರುಕು ಬಿಡುತ್ತೆ.

ಕಂಪ್ಯೂಟರ್ ಅನುವಾದಕ್ಕೆ ಕೊಟ್ರೆ "ಫೆಂಡರ್ ಉರುಳುವಿಕೆ" ಅಂತು. ಮಡ್‌ಗಾರ್ಡ್ ಕಳಚ್ಕೊಂಡು ರಸ್ತೆ ಮೇಲೆ ಉರುಳ್ತಾ ಹೋದಂಗಿದೆ. ಲೇಬಲ್ ಮೇಲೆ ಜಾಗ ಕಮ್ಮಿ, ಎರಡು ಪದ, ಹೆಚ್ಚೆಂದ್ರೆ ಮೂರು.

----

ಮೊದಲು ಆ ಮಡ್‌ಗಾರ್ಡ್ ಬಿಡಿ. ಕೆಸರ್ಗಾಪು. ಇದರಲ್ಲಿ ಚರ್ಚೆ ಮಾಡೋದೇನಿಲ್ಲ.

ಇಂಗ್ಲಿಶಿನ ಫೆಂಡರ್ ಅನ್ನೋದು ಡಿಫೆಂಡ್ ಪದದ ತಲೆ ಕತ್ತರಿಸಿ ಮಾಡಿದ್ದು, ಅಂದ್ರೆ ಕಾಯೋದು. ಕಾಯ್‌ನಿಂದ ಕಾಪು. ಇದಕ್ಕಿಂತ ನೇರವಾದ ಪದ ಸಿಗಲ್ಲ, ಕಕಾರ ಗಕಾರ ಆಗಿದ್ಯಾಕೆ ಅಂತ ಇಲ್ಲಿ ಯಾರಿಗೂ ಹೇಳ್ಬೇಕಿಲ್ಲ. ರೋಲಿಂಗ್‌ಗೆ ಹೊರಳಿಕೆ. ಕೆಸರ್ಗಾಪು ಹೊರಳಿಕೆ. ಎರಡೇ ಪದ, ಅಚ್ಚಗನ್ನಡ, ಒಂದೂ ಮಹಾಪ್ರಾಣ ಇಲ್ಲ.

ಇನ್ನೊಂದು ಮಾತು, "ಚಕ್ರ ಬಿಚ್ಚಿ" ಅಂತ ಬರ್ದಿದೀರಿ. ಗಾಲಿ ಇರುವಾಗ ಚಕ್ರ ಯಾಕೆ? ನಾಳೆ ಚಕ್ರಕಾಪು ಅಂತ ಸಂಸ್ಕೃತಕ್ಕೆ ಕನ್ನಡ ಅಂಟಿಸಿ ಅರಿಸಮಾಸ ಮಾಡ್ಕೊಂಡು ಬರ್ತೀರಿ.

----

> ಕೆಸರ್ಗಾಪು ಹೊರಳಿಕೆ

ಮೇಷ್ಟ್ರೇ, ಕೆಸರು, ಹೊರಳಿಕೆ ಎರಡೂ ಒಟ್ಟಿಗೆ ಬಂದ್ರೆ ನನಗೆ ಎಮ್ಮೆ ಬಿಟ್ಟು ಬೇರೇನೂ ಕಾಣಲ್ಲ. ಕ್ಷಮಿಸಿ.

ನಾನು ಗಾಡಿ ಕೆಲಸದವನು, ವ್ಯಾಕರಣ ನಿಮಗೇ ಬಿಟ್ಟೆ. ಆದ್ರೆ ಇಲ್ಲಿ ಮೂರು ಬೇರೆ ಬೇರೆ ಕೆಲಸ ಇದೆ, ಒಂದೇ ಪದದಲ್ಲಿ ಮೂರನ್ನೂ ಮುಗಿಸಿದ್ರೆ ಓದಿದವನು ಗಾಡಿ ಹಾಳು ಮಾಡ್ಕೋತಾನೆ. ರೋಲಿಂಗ್ ಅಂದ್ರೆ ಒಳ ಅಂಚು ಮಾತ್ರ ಮಡಚೋದು, ಹೊರಗಿಂದ ನೋಡಿದ್ರೆ ಆಕಾರ ಬದಲಾಗಿರಬಾರದು. ಪುಲ್ಲಿಂಗ್ ಅಂದ್ರೆ ಇಡೀ ತಗಡನ್ನ ಹೊರಕ್ಕೆ ಉಬ್ಬಿಸೋದು. ಫ್ಲೇರ್ ಅನ್ನೋದು ಹೆಚ್ಚಿನ ಮಟ್ಟಿಗೆ ಮೇಲಿಂದ ಸ್ಕ್ರೂ ಹಾಕಿ ಕೂರಿಸೋ ಬೇರೆ ಪೀಸು. ಟೂಲ್ ಮಾತ್ರ ಮೊದಲೆರಡಕ್ಕೂ ಅದೇ, ಜಾಸ್ತಿ ಒತ್ತಿದ್ರೆ ರೋಲಿಂಗ್ ಹೋಗಿ ಪುಲ್ಲಿಂಗ್ ಆಗುತ್ತೆ, ತಗಡು ಅಲೆ ಅಲೆಯಾಗಿ ಏಳುತ್ತೆ.

ಲೆಕ್ಕ ಹೇಳ್ತೀನಿ. 7 ಇಂಚಿನ ರಿಮ್, ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ ಕೂರೋ ಮುಖದವರೆಗಿನ ದೂರ, ಮಿಲಿಮೀಟರಲ್ಲಿ) 45 ಇತ್ತು ಅನ್ಕೊಳ್ಳಿ. ಅದನ್ನ ತೆಗೆದು 8 ಇಂಚು, ಆಫ್‌ಸೆಟ್ 35 ಹಾಕಿದ್ರೆ ಅಗಲ ಹೆಚ್ಚಿದ್ದರಲ್ಲಿ ಅರ್ಧ 12.7 ಮಿಲಿಮೀಟರ್, ಆಫ್‌ಸೆಟ್ ಕಮ್ಮಿ ಆಗಿದ್ದು 10, ಒಟ್ಟು 22.7 ಮಿಲಿಮೀಟರ್ ರಿಮ್ಮಿನ ಹೊರ ಅಂಚು ಆಚೆ ಬಂತು. ಅಂಚು ಮಡಚಿದ್ರೆ ಸಿಗೋದು ಆ ಅಂಚಿನ ಅಗಲದಷ್ಟು ಜಾಗ, ಅಷ್ಟೇ. ಸಾಲದಿದ್ರೆ ಉಬ್ಬಿಸ್ಬೇಕು, ಅದು ಬೇರೆ ಕೆಲಸ, ಅದಕ್ಕೆ ಬೇರೆ ಪದ ಇಡಿ.

ಹಿಂದಿನ ಚಕ್ರದ ಹತ್ರ ಇನ್ನೂ ಹುಷಾರು. ಬಹಳ ಕಾರುಗಳಲ್ಲಿ ಅಲ್ಲಿ ಹೊರ ತಗಡು, ಒಳ ತಗಡು ಎರಡೂ ಅಂಚಲ್ಲಿ ಸೇರಿ ವೆಲ್ಡ್ ಆಗಿರುತ್ತೆ, ಮಧ್ಯ ಸೀಲರ್ ಇರುತ್ತೆ. ಮಡಚುವಾಗ ಆ ಸೀಲರ್ ಬಿರಿದ್ರೆ ನೀರು ಹೋಗಿ ತುಕ್ಕು ಹಿಡಿಯುತ್ತೆ. ಹಾಳೆಯಲ್ಲಿ ಇದನ್ನ ಹಾಕಿದೀರಾ?

----

ಹಾಕಿದೀನಿ ಸರ್, ಆದ್ರೆ "ಸೀಲರ್ ಮತ್ತೆ ಹಚ್ಚಿ" ಅಂತ ಮಾತ್ರ ಇದೆ, ಯಾಕೆ ಅಂತ ಇರಲಿಲ್ಲ, ಈಗ ಸೇರಿಸ್ತೀನಿ. ಥ್ಯಾಂಕ್ಸ್. ಹೆಸರು?

----

ಮಡಚು ಅನ್ನೋದು ತಾನಾಗೇ ಎಲ್ಲರ ಬಾಯಲ್ಲೂ ಬಂದುಬಿಟ್ಟಿದೆ ಗಮನಿಸಿದ್ರಾ? ಕೇಳಿದವರೇ ಪ್ರಶ್ನೆಯಲ್ಲಿ ಉತ್ತರ ಬರೆದುಬಿಟ್ಟಿದಾರೆ.

ಮಡಿ ಬಹಳ ಚಂದದ ಬೇರು. ಇಮ್ಮಡಿ, ಮುಮ್ಮಡಿ, ನೂರ್ಮಡಿ ಎಲ್ಲಾ ಅಲ್ಲಿಂದ್ಲೇ. ಇಂಗ್ಲಿಶಲ್ಲೂ ಟೂಫೋಲ್ಡ್ ಅಂತಾರಲ್ಲ, ಮಡಿಕೆಯಿಂದ ಎಣಿಕೆಗೆ ಹೋದ ದಾರಿ ಎರಡು ಕಡೆನೂ ಒಂದೇ. ಒಗೆದ ಬಟ್ಟೆಯ ಮಡಿಯೂ ಮಡಚಿಟ್ಟ ಬಟ್ಟೆಯಿಂದ್ಲೇ ಬಂತು ಅಂತ ನನ್ನ ವಾದ, ಒಪ್ಪದಿದ್ರೆ ಬಿಡಿ, ಇಪ್ಪತ್ತು ವರ್ಷದಿಂದ ಯಾರೂ ಒಪ್ಪಿಲ್ಲ.

ಇಲ್ಲಿ ಮುಖ್ಯ ಏನಂದ್ರೆ ಬಾಗು ಬೇರೆ, ಬಗ್ಗು ಬೇರೆ, ಮಡಿ ಬೇರೆ. ಬಾಗಿದ್ದಕ್ಕೆ ಕಮಾನು ಬರುತ್ತೆ. ಬಗ್ಗಿಸಿದ್ದು ಎಷ್ಟು ಬೇಕಾದ್ರೂ ಬಗ್ಗಿರಬಹುದು. ಮಡಚಿದ್ದಕ್ಕೆ ಗೆರೆ ಬೀಳ್ಬೇಕು, ಒಂದು ಪದರದ ಮೇಲೆ ಇನ್ನೊಂದು ಪದರ ಕೂರಬೇಕು. ಅವರು ಹೇಳ್ತಿರೋ ಕೆಲಸ ಅದೇ ತಾನೆ. "ಅಂಚು ಮಡಚು" ಅಂತ ಇಡಿ.

----

> ಅಂಚು ಮಡಚು

ಮಡಚಿದ್ದನ್ನ ಬಿಡಿಸಬಹುದು. ಕೊಡೆ ಮಡಚ್ತೀವಿ, ಚಾಪೆ ಮಡಚ್ತೀವಿ. ಇದು ಬಿಡಿಸೋ ವಸ್ತು ಅಲ್ಲ. ಒಪ್ಪಲ್ಲ. ಅದೂ ಅಲ್ದೆ ರೋಲ್ ಅನ್ನೋ ಅರ್ಥ ಎಲ್ಲಿ ಹೋಯ್ತು? ಮೂಲದಲ್ಲಿರೋದನ್ನ ಬಿಟ್ಟು ಅನುವಾದ ಮಾಡೋದಾದ್ರೆ ಅನುವಾದ ಯಾಕೆ.

----

ಏನ್ರೀ ಇದು, ಒಂದ್ ಲೇಬಲ್ಲಿಗೆ ಇಷ್ಟ್ ಹೊಡದಾಟ. ರೋಲ್ ಆಗೂದು ಟೂಲು, ಮಡಚೂದು ತಗಡು. ಇಂಗ್ಲಿಶ್‌ನವ್ರು ಟೂಲ್ ನೋಡಿ ಹೆಸರಿಟ್ರು, ನಾವು ತಗಡ್ ನೋಡಿ ಇಡೂಣು, ಯಾರ್ ಬ್ಯಾಡ ಅಂತಾರ? ಟೂಲ್ ಬರೂಕ್ಕಿಂತ ಮುಂಚೆ ಬೇಸ್‌ಬಾಲ್ ಬ್ಯಾಟನ್ನ ಟೈರಿಗೂ ಅಂಚಿಗೂ ನಡುವ ಸಿಗ್ಸಿ ಗಾಡಿ ಮೆಲ್ಲಕ ತಳ್ಳಿ ಇದ ಕೆಲಸ ಮಾಡ್ತಿದ್ರು, ಈಗೂ ಮಾಡ್ತಾರ. ಬ್ಯಾಟ್ ಅಲ್ಲಿ ಹೊರಳತದ ಖರೆ, ಅಂಚು ಹೊರಳೂದಿಲ್ಲ.

ಬಟ್ಟೆ ಅಂಚು ಮಡಚಿ ಹೊಲಿಯೂದಕ್ಕ ಹೆಮ್ಮಿಂಗ್ ಅಂತಾರಲ್ಲ, ತಗಡಿನ ಅಂಚು ಪೂರಾ ಮಡಚಿ ಕೂಡಸೂದಕ್ಕೂ ಇಂಗ್ಲಿಶ್‌ನ್ಯಾಗ ಹೆಮ್ ಅಂತಾರ. ಅಲ್ಲಿ ಯಾರೂ ಬಿಡಸೂದಿಲ್ಲ. ಬಿಡಿಸಿದ್ರ ಪ್ಯಾಂಟ್ ಉದ್ದ ಆಗ್ತದ ಅಷ್ಟ.

ಮತ್ತ ಫೆಂಡರ್ ಅನ್ನೂದನ್ನ ಹಂಗ ಬಿಡ್ರಿ. ಬ್ರಿಟನ್ನಿನವ್ರು ಇದಕ್ಕ ವಿಂಗ್ ಅಂತಾರ, ರೆಕ್ಕಿ. ಇಂಗ್ಲಿಶ್‌ನವ್ರ ತಮ್ಮತಮ್ಮೊಳಗ ಒಪ್ಪಿಲ್ಲ, ನಾವ್ಯಾಕ ಅವ್ರ ಪದದ ಹೊಟ್ಟಿ ಕೊಯ್ದು ನೋಡ್ಬೇಕು?

----

"ಹಂಗ ಬಿಡ್ರಿ" ಅನ್ನೋದೇ ರೋಗ. ಹಂಗೇ ಬಿಟ್ಟು ಬಿಟ್ಟು ಇವತ್ತು ಒಂದು ವಾಕ್ಯದಲ್ಲಿ ಕನ್ನಡ ಅಂದ್ರೆ ಕ್ರಿಯಾಪದದ ಬಾಲ ಮಾತ್ರ ಉಳಿದಿದೆ. ಬೀಗದ ಕೈ ಅಂತ ಎಷ್ಟು ಸೊಗಸಾದ ಪದ ಕಟ್ಟಿದ್ರು ನಮ್ಮೋರು, ಈಗ ಯಾರು ಅಂತಾರೆ?

----

ಬೀಗದ ಕೈ ಅಂತಾನೂ ಅಂತಾರೆ, ಚಾವಿ ಅಂತಾನೂ ಅಂತಾರೆ, ಚಾವಿ ಪೋರ್ಚುಗೀಸ್. ಪಗಾರನೂ ಅಲ್ಲಿಂದ್ಲೇ ಬಂದಿದ್ದು. ಕುರ್ಚಿ ಅರಬ್ಬಿ. ಯಾವುದೂ ಕನ್ನಡನ ಕೊಂದಿಲ್ಲ. ಮೇಷ್ಟ್ರು ಪಗಾರ ಬಂದಾಗ ಪದ ಸರಿ ಇಲ್ಲ ಅಂತ ವಾಪಸ್ ಕಳಿಸಿದ್ರಾ?

----

ನಾನು ಸಂಬಳ ತಗೊಂಡೆ, ಪಗಾರ ಅಲ್ಲ. ವೈಯಕ್ತಿಕ ಮಾತು ಬೇಡ.

----

ಜಗಳ ಆಮೇಲೆ ಆಡಿ, ಅವರಿಗೆ ರಾತ್ರಿಯೊಳಗೆ ಬೇಕಂತೆ. ಅಂದ ಹಾಗೆ ಗಾಲಿ ವಿಷಯದಲ್ಲಿ ಮೇಷ್ಟ್ರು ಹೇಳಿದ್ದು ನನಗೂ ಇಷ್ಟ. ತಮಿಳಲ್ಲಿ ಕಾಲ್ ಅಂದ್ರೆ ಗಾಲಿ ಅನ್ನೋ ಅರ್ಥವೂ ಇದೆ, ಗಾಡಿಯ ಕಾಲೇ ಗಾಲಿ ಅಂತ ನನ್ನ ಊಹೆ. ಅದಕ್ಕೆ ಚಕ್ರ ತಪ್ಪು ಅಂತೇನಲ್ಲ. ಸ್ಟೇರಿಂಗಿಗೂ ಚಕ್ರ ಅಂದುಬಿಟ್ರೆ ಗೊಂದಲ ಆಗುತ್ತೆ, ಆ ಕಾರಣಕ್ಕೆ ಬೇಕಾದ್ರೆ ಗಾಲಿ ಅನ್ನಿ.

----

ಎಲ್ಲರಿಗೂ ಧನ್ಯವಾದ. ಫೈಲ್ ಕಳಿಸ್ತಿದೀನಿ. ಕೊನೆಗೆ ಹೀಗೆ ಮಾಡ್ದೆ: ಲೇಬಲ್ ಮೇಲೆ "ಫೆಂಡರ್ ಅಂಚು ಮಡಚುವ ರೋಲರ್", ನಾಲ್ಕು ಪದ ಆಯ್ತು, ಅಕ್ಷರ ಸ್ವಲ್ಪ ಚಿಕ್ಕದು ಮಾಡಿ ಹಿಡಿಸಿದೀನಿ. ಒಳಗೆ ರೋಲಿಂಗ್ ಬಂದ ಕಡೆ "ಅಂಚು ಮಡಚುವುದು", ಪುಲ್ಲಿಂಗ್ ಬಂದ ಕಡೆ "ಹೊರಕ್ಕೆ ಉಬ್ಬಿಸುವುದು". ಎಚ್ಚರಿಕೆ ಸಾಲು: "ಅಂಚು ಮಾತ್ರ ಮಡಚಿ. ಫೆಂಡರ್ ಹೊರಕ್ಕೆ ಉಬ್ಬುತ್ತಿದ್ದರೆ ಒತ್ತುವುದನ್ನು ನಿಲ್ಲಿಸಿ." ಮಡ್‌ಗಾರ್ಡ್ ಬಿಟ್ಟೆ, ಯಾಕಂದ್ರೆ ಕಾರಲ್ಲಿ ಟೈರ್ ಹಿಂದೆ ನೇತಾಡೋ ರಬ್ಬರಿಗೂ ಕೆಲವರು ಮಡ್‌ಗಾರ್ಡ್ ಅಂತಾರೆ. ಚಕ್ರ ತೆಗೆದು ಗಾಲಿ ಹಾಕಿದೀನಿ ಮೇಷ್ಟ್ರೇ, ಅದೊಂದು ನಿಮ್ಮ ಮಾತಿಗೆ.

----

ಗಾಲಿಗೆ ಸಂತೋಷ. ಆದ್ರೆ ಅಂಚು ಅಂತ ಹಾಕಿದೀರಲ್ಲ, ಅದು ಸಂಸ್ಕೃತದ ಅಂಚಲದಿಂದ ಬಂದಿದ್ದು. ಬಟ್ಟೆಯ ಅಂಚಿಗೆ ಹೇಳೋ ಕರೆ ಅನ್ಬೇಕಿತ್ತು.

----

ಉಲ್ಟಾ. ಅಂಚಲವೇ ನಮ್ಮ ಅಂಚಿಂದ ಹೋಗಿದ್ದು.

----

ಸಾಬೀತು ಮಾಡಿ.