ಅಪ್‌ಡೇಟ್: ಮಳೆಗಾಲದಲ್ಲಿ ಡ್ರಿಪ್ ಫಿಲ್ಟರ್ ಪದೇ ಪದೇ ಕಟ್ಟಿಕೊಳ್ಳುತ್ತಿದ್ದದ್ದು

ನಮ್ಮ ತಾರಸಿ ತೋಟದ ಡ್ರಿಪ್ ಫಿಲ್ಟರ್ (ಹನಿ ನೀರಾವರಿ ಪೈಪಿಗೆ ಹೋಗುವ ನೀರು ಸೋಸುವ ಫಿಲ್ಟರ್) ಬೇಸಿಗೆಯಿಡೀ ಚೆನ್ನಾಗಿದ್ದು, ಮಳೆ ಶುರುವಾದ ಮೇಲೆ ಯಾಕೆ ಕಟ್ಟಿಕೊಳ್ಳುತ್ತೆ ಅಂತ ಜೂನ್‌ನಲ್ಲಿ ಕೇಳಿದ್ದೆ. ಈಗ ಸರಿಹೋಗಿದೆ. ಉತ್ತರ ಕೊಟ್ಟವರಿಗೆಲ್ಲ ಮನಸಾರೆ ಧನ್ಯವಾದ.

ಜೋಧಪುರದಲ್ಲಿ ಮನೆತೋಟ ಮಾಡಿರುವ ಕನ್ನಡದವರೊಬ್ಬರು ಹೇಳಿದ್ದೇ ನಿಜ. ಅಲ್ಲಿ ತಿಂಗಳುಗಟ್ಟಲೆ ಛಾವಣಿ ಮೇಲೆ ಕೂತ ಮರಳುಧೂಳೆಲ್ಲ ಮೊದಲ ಮಳೆಗೆ ಒಟ್ಟಿಗೇ ಟ್ಯಾಂಕಿಗೆ ಇಳಿಯುತ್ತಂತೆ. ಬೆಂಗಳೂರಲ್ಲೂ ಅದೇ ಕಥೆ, ಪಕ್ಕದ ಸೈಟಲ್ಲಿ ಮನೆ ಕಟ್ಟುತ್ತಿದ್ದರಂತೂ ಕೇಳಲೇಬೇಡಿ. ಫಿಲ್ಟರ್ ಬಿಚ್ಚಿ ಒಳಗೆ ಒಂದರ ಮೇಲೊಂದು ಜೋಡಿಸಿದ, ಗೀರುಗಳಿರುವ ಡಿಸ್ಕ್‌ಗಳನ್ನು ಬಿಡಿಸಿದರೆ ಗೀರುಗಳ ತುಂಬ ಬೂದುಬಣ್ಣದ ನುಣ್ಣನೆ ಕೆಸರು, ಅದರ ಮೇಲೆ ಬೆರಳಿಟ್ಟರೆ ಜಾರುವ ಹಸಿರು ಪಾಚಿ. ಹಳೇ ಟೂತ್‌ಬ್ರಷ್, ಹರಿಯುವ ನೀರು ಸಾಕಾಯಿತು. ಬೋರ್‌ವೆಲ್ ನೀರಿನ ಬಿಳಿ ಪೊರೆ ಬಿಡಿಸಲು ಮಾತ್ರ ವಿನೆಗರ್ ಬೆರೆಸಿದ ನೀರಲ್ಲಿ ನೆನೆಸಬೇಕಾಯಿತು.

ನಿಜವಾಗಿ ಕೆಲಸ ಮಾಡಿದ್ದು ಮಾತ್ರ ಬೇರೆ. ತಾರಸಿಯ ಮೊದಲ ಮಳೆನೀರು ಸಂಪಿಗೆ (ನೆಲದಡಿಯ ನೀರಿನ ತೊಟ್ಟಿಗೆ) ಇಳಿಯದೆ ಹೊರಗೆ ಹೋಗುವಂತೆ ಪೈಪಿಗೆ ವಾಲ್ವ್ ಹಾಕಿಸಿದೆವು. ಪಂಪಿನ ಫುಟ್‌ವಾಲ್ವನ್ನೂ (ನೀರು ಎಳೆಯುವ ಪೈಪಿನ ಕೆಳತುದಿಯ ವಾಲ್ವ್) ಸಂಪಿನ ತಳದ ಕೆಸರಿಂದ ಮೇಲೆತ್ತಿಸಿದೆವು.

ಇನ್ನೂ ಸಣ್ಣ ಜಾಲರಿ ಹಾಕಿ ಅಂತ ಅಂಗಡಿಯವರು ಹೇಳಿದರು, ನಾನು ಒಪ್ಪಲಿಲ್ಲ. 120 ಮೆಶ್, ಅಂದರೆ ಸುಮಾರು 130 ಮೈಕ್ರಾನ್ ಕಿಂಡಿಯ ಜಾಲರಿ, ನಮ್ಮ ಡ್ರಿಪ್ಪರ್‌ಗಳಿಗೆ (ಗಿಡಕ್ಕೆ ಹನಿ ಬಿಡುವ ಬಿಡಿಭಾಗ) ಸಾಕು. ಅದಕ್ಕಿಂತ ಸಣ್ಣದು ಇನ್ನೂ ಬೇಗ ಕಟ್ಟಿಕೊಳ್ಳುತ್ತೆ. ಫಿಲ್ಟರಿನ ಎರಡೂ ಬದಿಗೆ ಪ್ರೆಶರ್ ಗೇಜ್ ಹಾಕಿಸಿ. ಎರಡರ ನಡುವಿನ ಅಂತರ ಏರುತ್ತಿದ್ದರೆ ತೊಳೆಯುವ ಹೊತ್ತಾಯಿತು ಅಂತಲೇ ಲೆಕ್ಕ.

ಒಂದು ವಿನಂತಿ: ಮಳೆ ಅಂತ ಡ್ರಿಪ್ ಪೂರ್ತಿ ನಿಲ್ಲಿಸಿಬಿಡಬೇಡಿ, ಪೈಪಲ್ಲಿ ನಿಂತ ನೀರಿನಲ್ಲಿ ಲೋಳೆ ಕಟ್ಟುತ್ತೆ. ಆಗಾಗ ತುದಿಯ ಕ್ಯಾಪ್ ತೆಗೆದು ನೀರು ತಿಳಿಯಾಗುವವರೆಗೆ ಹರಿಯಬಿಡಿ.