ಎಸ್‌ಎಸ್‌ಡಿ ಮಾರುವ ಮುಂಚೆ ಪೂರ್ತಿ ಅಳಿಸುವುದು ಹೇಗೆ?

ಪ್ರಶ್ನೆ: ಲ್ಯಾಪ್‌ಟಾಪ್ ಮಾರುತ್ತಿದ್ದೇನೆ, 512 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ (ಚಿಪ್ಪುಗಳಲ್ಲಿ ಡೇಟಾ ಇಡುವ ವೇಗದ ಡ್ರೈವ್) ಇದೆ. ಆಧಾರ್ ಸ್ಕ್ಯಾನು, ಬ್ಯಾಂಕ್ ಸ್ಟೇಟ್‌ಮೆಂಟು, ಮಗಳ ಫೋಟೋ ಎಲ್ಲಾ ಅದರಲ್ಲೇ ಇತ್ತು. ಹಾರ್ಡ್ ಡಿಸ್ಕಿಗೆ ಮಾಡುತ್ತಿದ್ದ ಹಾಗೆ ಹಳೇ ಡೇಟಾ ಮೇಲೆ ಏಳು ಸಲ ಸೊನ್ನೆ ಬರೆದರೆ ಸಾಕಲ್ವಾ?

ಉತ್ತರ 1: ಬೇಡ ಗುರು, ಸುಮ್ನೆ ಡ್ರೈವ್ ಸವೆಯುತ್ತೆ ಅಷ್ಟೇ. ನೀವು ಬರೆದದ್ದು ಎಲ್ಲಿಗೆ ಹೋಗಬೇಕು ಅಂತ ಒಳಗಿನ ಕಂಟ್ರೋಲರ್ರೇ ತೀರ್ಮಾನ ಮಾಡುತ್ತೆ, ಡೇಟಾ ಇಡುವ ಎಲ್ಲಾ ಸೆಲ್ಲುಗಳೂ ಸಮನಾಗಿ ಸವೆಯಲಿ ಅಂತ ಜಾಗ ಬದಲಿಸುತ್ತಾ ಇರುತ್ತೆ, ಮೇಲಾಗಿ ನಿಮಗೆ ಕಾಣಿಸದ ಜಾಸ್ತಿ ಜಾಗವೂ ಇದೆ, ಹಳೇ ಡೇಟಾ ಅಲ್ಲಿ ಉಳಿದಿರಬಹುದು. ಬಯೋಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ಸ್) 'ಸೆಕ್ಯೂರ್ ಎರೇಸ್' ಇದೆಯಾ ನೋಡಿ. ಇಲ್ಲದಿದ್ದರೆ ಲಿನಕ್ಸ್ ಪೆನ್‌ಡ್ರೈವಿಂದ ಬೂಟ್ ಮಾಡಿ ಎನ್‌ವಿಎಂಇ ಸ್ಯಾನಿಟೈಸ್ ಕಮಾಂಡ್ (ಎಲ್ಲಾ ಅಳಿಸು ಅಂತ ಡ್ರೈವಿಗೇ ಹೇಳೋದು) ಕೊಡಿ.

ಉತ್ತರ 2: ಕಮಾಂಡನ್ನೂ ಕಣ್ಣು ಮುಚ್ಚಿ ನಂಬಬೇಡಿ. 2011ರಲ್ಲಿ ಸ್ಯಾನ್ ಡಿಯೆಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಪರೀಕ್ಷಿಸಿದಾಗ ಒಂದು ಡ್ರೈವ್ 'ಅಳಿಸಿದೆ' ಅಂತ ಹೇಳಿತ್ತು, ಡೇಟಾ ಮಾತ್ರ ಹಾಗೇ ಇತ್ತು! ಹೊಸ ಲ್ಯಾಪ್‌ಟಾಪಿಗೆ ಮೊದಲ ದಿನವೇ ಎನ್‌ಕ್ರಿಪ್ಷನ್ (ಡೇಟಾವನ್ನು ಗುಪ್ತ ಸಂಕೇತದಲ್ಲಿ ಇಡುವುದು) ಹಾಕಿ. ಅದನ್ನು ಬಿಡಿಸುವ ಕೀ ಅಳಿಸಿದರೆ ಉಳಿಯುವುದು ಬರೀ ಕಸ.

ಪ್ರಶ್ನೆ ಕೇಳಿದವರು: ಬಯೋಸ್‌ನಲ್ಲೇ ಸಿಕ್ಕಿತು, ಎರಡು ನಿಮಿಷವೂ ಆಗಲಿಲ್ಲ. ಇಷ್ಟು ಬೇಗನಾ ಅಂತ ಅನುಮಾನ.

ಉತ್ತರ 1: ಬೇಗನೇ ಆಗುತ್ತೆ ಸರ್, ಒಂದೊಂದೇ ಫೈಲ್ ಅಳಿಸಲ್ಲ ಅದು.